ಹಳಬರು

ನಮ್ಮೂರಲ್ಲಿ ಹಗೇವು ತೆಗೆಯುವ ದಿನ ಎಲ್ಲಕ್ಕಿಂತ ಮೊದಲು ಕೇಳಿಬರುತ್ತಿದ್ದ ಮಾತು, "ಹಳಬ್ರು ಬಂದ್ರೇನಪ್ಪಾ?" ಹಗೇವು ಅಂದರೆ ನೆಲದೊಳಗಿನ ರಾಗಿ ಕಣಜ. ಈಗಿನ ಹುಡುಗರು ನೋಡಿರಲಾರರು, ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಮಾತ್ರ ಗುಡಾಣದ ಹಾಗೆ ಅಗಲ. ಒಳಗೆ ಸುತ್ತಲೂ ಹುಲ್ಲು ಕೊಟ್ಟು ರಾಗಿ ಸುರಿದು, ಮೇಲೆ ಚಪ್ಪಡಿ ಎಳೆದು, ಸಂದಿಗೆ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತಿಪಟೂರು ಸೀಮೆಯ ನಮ್ಮ ಮನೆಯ ಹಗೇವು ಹಿತ್ತಲಿನ ಹುಣಸೆಮರದ ಆಚೆಗಿತ್ತು.

ಅದು 1966. ಹಿಂದಿನ ವರ್ಷ ಮಳೆ ಕೈಕೊಟ್ಟು, ಮನೆಯ ವಾಡೆಗಳಲ್ಲಿ ತಳ ಕಾಣುತ್ತಿತ್ತು. ನನಗೆ ಹತ್ತು ವರ್ಷ. ಸಣಕಲು ಮೈ, ಬಾಯೊಳಗೆ ಸಲೀಸಾಗಿ ತೂರಬಲ್ಲೆ, ನಾನೇ ಇಳೀತೀನಿ ಅಂತ ಚಡ್ಡಿ ಬಿಗಿದುಕೊಂಡು ನಿಂತಿದ್ದೆ. ಚಪ್ಪಡಿ ಸರಿಸಿದ ಕೂಡಲೇ ಬಿಸಿ ಹವೆ ಮುಖಕ್ಕೆ ಬಡಿಯಿತು. ಮುಗ್ಗಲು ವಾಸನೆ, ಅದರ ಹಿಂದೆಯೇ ಹುಳಿಹುಳಿ ಘಾಟು. ಕೆಳಗೇರಿಯಿಂದ ಬಂದಿದ್ದ ತಾತ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದ. ಅಪ್ಪ ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದರು. "ಏನಣ್ಣಾ, ಇಳಿಸಬೋದಾ?" ಅಂದರು. ತಾತ ಉತ್ತರ ಕೊಡಲಿಲ್ಲ. ಲಾಟೀನು ಹೊತ್ತಿಸಿ, ಸೇದುವ ಹಗ್ಗಕ್ಕೆ ಕಟ್ಟಿ, ಗೇಣುಗೇಣಾಗಿ ಇಳಿಬಿಟ್ಟ. ಎದೆಮಟ್ಟದ ಆಳಕ್ಕೆ ಹೋಗುವಷ್ಟರಲ್ಲಿ ಉರಿ ಕುಗ್ಗಿ ನೀಲಿಯಾಯಿತು, ಆಮೇಲೆ ನಂದಿಹೋಯಿತು. "ನಾಳಿಕೆ ನೋಡಾನ. ಬಾಯಿ ತೆಗ್ದಂಗೇ ಇರ್ಲಿ. ಮಕ್ಳುನ್ನ ಹತ್ರ ಬಿಡಬ್ಯಾಡ್ರಿ" ಅಂದವನೇ ಜಗುಲಿ ಮೇಲೆ ಕೂತು ಸಂಚಿ ಬಿಚ್ಚಿದ. ಅಡಕೊತ್ತಿನಲ್ಲಿ ಕಟಕಟ ಅಂತ ಅಡಿಕೆ ಸೀಳಿದ ಸದ್ದು ಈಗಲೂ ಕಿವಿಯಲ್ಲಿದೆ.

ಮಾರನೆಯ ಬೆಳಿಗ್ಗೆ ಎಲೆ ತುಂಬಿದ ಹೊಂಗೆ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ, ಹಗೇವಿನೊಳಗೆ ಬಹಳ ಹೊತ್ತು ಮೇಲೆ ಕೆಳಗೆ ಆಡಿಸಿದರು. ಲಾಟೀನು ಮತ್ತೆ ಇಳಿಯಿತು. ಈ ಸಲ ತಳ ಮುಟ್ಟಿದರೂ ಉರಿ ಅಲುಗಲಿಲ್ಲ. ಆಮೇಲೆಯೇ ಆಳು ಇಳಿದದ್ದು, ಅದೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು. ತಾತನಿಗೆ ಕೊಟ್ಟಿದ್ದು ಎರಡು ಸೇರು ರಾಗಿ, ನಾಲ್ಕಾಣೆ, ಒಂದು ಹಿಡಿ ವೀಳ್ಯದೆಲೆ. ನಯಾಪೈಸೆ ಬಂದು ಒಂಬತ್ತು ವರ್ಷವಾಗಿದ್ದರೂ ನಮ್ಮೂರಿನ ಬಾಯಲ್ಲಿ ಇಪ್ಪತ್ತೈದು ಪೈಸೆ ನಾಲ್ಕಾಣೆಯಾಗಿಯೇ ಇತ್ತು. ಮುಚ್ಚಿಟ್ಟ ಧಾನ್ಯವೂ ಉಸಿರಾಡುತ್ತದೆ, ಒಳಗಿನ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಅದು ಗಾಳಿಗಿಂತ ಭಾರ ಎಂಬುದನ್ನು ನಾನು ಹೈಸ್ಕೂಲಿನಲ್ಲಿ ಓದಿದೆ. ತಾತನಿಗೆ ಆ ಹೆಸರುಗಳು ಗೊತ್ತಿರಲಿಲ್ಲ. ನನ್ನ ಜೀವ ಉಳಿದದ್ದು ಅವನಿಂದ.

ಹಳಬ ಅಂದರೆ ಮುದುಕ ಎಂದೇ ನಾನು ಬಹಳ ಕಾಲ ತಿಳಿದಿದ್ದೆ. ಆ ತಿಳಿವಳಿಕೆ ತಪ್ಪಿದ್ದು 1977ರಲ್ಲಿ, ತಾಲ್ಲೂಕು ಕೇಂದ್ರದ ಒಂದು ಕಚೇರಿಗೆ ಗುಮಾಸ್ತನಾಗಿ ಸೇರಿದಾಗ. ಮೊದಲ ದಿನವೇ ಮೇಲಿನವರು ಒಂದು ಹಳೇ ಕಡತ ತರಲು ಹೇಳಿದರು. ಅಟ್ಟದ ತುಂಬ ಕೆಂಪು ಬಟ್ಟೆಯ ಕಟ್ಟುಗಳು, ಇಲಿ ಹಿಕ್ಕೆಯ ವಾಸನೆ. ಮಧ್ಯಾಹ್ನದವರೆಗೆ ಹುಡುಕಿ ಬರಿಗೈಲಿ ಬಂದೆ. "ನಮ್ಮ ಅಟೆಂಡರನ್ನ ಕೇಳಿ, ಅವನು ಇಲ್ಲಿಗೆ ಹಳಬ" ಅಂದರು. ಅವನು ನನಗಿಂತ ಮೂರು ವರ್ಷ ಚಿಕ್ಕವನು! ಗಂಟಿನ ಬಣ್ಣ ಎಷ್ಟು ಮಾಸಿದೆ ಎಂದು ನೋಡಿಯೇ ಯಾವ ಕಾಲದ್ದೆಂದು ಹೇಳುತ್ತಿದ್ದ. ಐದು ನಿಮಿಷದಲ್ಲಿ ಕಡತ ಮೇಜಿನ ಮೇಲಿತ್ತು. ಅವತ್ತು ಅವನಿಗೆ ನಲವತ್ತು ಪೈಸೆಯ ಕಾಫಿ ಕುಡಿಸಿ, ಕಟ್ಟು ಬಿಚ್ಚುವುದರಿಂದ ಶುರುಮಾಡಿ ಎಲ್ಲವನ್ನೂ ಅವನಿಂದಲೇ ಕಲಿತೆ.

ಅಲ್ಲಿಂದ ಈ ಮಾತಿನ ಮೇಲೆ ಕಿವಿ ಇಟ್ಟೆ. ಹಳಬನಿಗೆ ಎದುರು ಹೊಸಬ, ಹುಡುಗ ಅಲ್ಲ. ಹಳೆಗನ್ನಡದ ಪಕಾರ ನಮ್ಮ ಬಾಯಲ್ಲಿ ಹಕಾರವಾಯಿತು. ಹಾಗೆ ‘ಹಳೆ’ಯನ್ನು ಹಿಂದಕ್ಕೆ ಒಯ್ದರೆ ನನಗೆ ‘ಪಳಗು’ ಎಂಬ ಮಾತು ಪಕ್ಕದಲ್ಲೇ ಕೂತಂತೆ ಕೇಳುತ್ತದೆ. ಒಂದು ಕೆಲಸಕ್ಕೆ, ಒಂದು ಜಾಗಕ್ಕೆ ಪಳಗಿದವನೇ ಹಳಬ. ಎತ್ತಿಗೂ ಈ ಮಾತು ಸಲ್ಲುತ್ತಿತ್ತು: ಹೊಸ ಹೋರಿಯನ್ನು ನೊಗಕ್ಕೆ ಹೂಡುವಾಗ ಜೊತೆಗೆ ಹಳಬನನ್ನೇ ಕಟ್ಟುತ್ತಿದ್ದರು.

ಹೆಂಗಸರಲ್ಲೂ ಹಾಗೆಯೇ. ನಡುರಾತ್ರಿ ಹೆರಿಗೆ ನೋವು ಬಂದರೆ, "ಬುಡ್ಡಿ ಹಿಡ್ಕೊಂಡು ಹೋಗಿ ಹಳಬ್ರನ್ನ ಕರ್ಕೊಂಡ್ ಬಾ" ಅನ್ನುತ್ತಿದ್ದಳು ನಮ್ಮಜ್ಜಿ. ಬರುತ್ತಿದ್ದವಳು ಸೂಲಗಿತ್ತಿ. ನಮ್ಮ ಜಿಲ್ಲೆಯವರೇ ಆದ ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಹೆರಿಗೆಗಳು ಆಸ್ಪತ್ರೆಗೆ ಹೋದದ್ದು ಒಳ್ಳೆಯದೇ ಆಯಿತು. ನಮ್ಮ ಮನೆಯಲ್ಲೇ ಬಾಣಂತಿಯೊಬ್ಬಳು ಉಳಿಯಲಿಲ್ಲ. ಆ ಕಾಲ ಮತ್ತೆ ಬರಲಿ ಎಂದು ನಾನು ಹೇಳಲಾರೆ.

ಈಗ ನಾನು ‘ಹಿರಿಯ ನಾಗರಿಕ’. 2007ರ ಕಾಯಿದೆಯ ಪ್ರಕಾರ ಅರವತ್ತು ತುಂಬಿದವರೆಲ್ಲ ಹಿರಿಯ ನಾಗರಿಕರು. ಚೀಟಿ ತೋರಿಸಿದರೆ ಸರ್ಕಾರಿ ಬಸ್ಸಿನಲ್ಲಿ ರಿಯಾಯಿತಿ ಉಂಟು, ಅದು ನನಗೆ ನಿಜಕ್ಕೂ ಅನುಕೂಲ. ಆದರೆ ಆ ಮಾತು ವರ್ಷ ಎಣಿಸುತ್ತದೆ. ಹಳಬ ಎಂಬ ಮಾತು, ಯಾವುದಕ್ಕೆ ಹಳಬ ಎಂದು ಕೇಳುತ್ತಿತ್ತು.

ಊರಿನ ತೋಟವನ್ನು ಈಗ ತಮ್ಮನ ಮಗ ನೋಡಿಕೊಳ್ಳುತ್ತಾನೆ. ಹನಿ ನೀರಾವರಿಯ ಪೈಪು, ಮೊಬೈಲಿನಲ್ಲೇ ಓಡುವ ಮೋಟರು. ಹೋದ ಬೇಸಿಗೆಯಲ್ಲಿ ಮೋಟರು ಏಳದೆ ನಾನು ಒದ್ದಾಡುತ್ತಿದ್ದಾಗ ಅವನು ಬಂದು ಎರಡು ಗುಂಡಿ ಒತ್ತಿದ, ನೀರು ಬಂತು. "ಇದಕ್ಕೆ ನೀನೇ ಹಳಬ ಕಣಪ್ಪ" ಅಂದೆ. ಅವನಿಗೆ ಈಗ ಇಪ್ಪತ್ತೆರಡು.

ನಮ್ಮ ಹಗೇವನ್ನು ಎಂದೋ ಮಣ್ಣು ತುಂಬಿ ಮುಚ್ಚಿದರು. ಆದರೆ ಎಷ್ಟೋ ಹಳ್ಳಿಮನೆಗಳ ಹಿತ್ತಲಲ್ಲಿ ಆ ಚಪ್ಪಡಿಗಳು ಇನ್ನೂ ಇವೆ. ನಿಮ್ಮಲ್ಲಿದ್ದರೆ ಮನೆಯ ಮಕ್ಕಳಿಗೆ ತೋರಿಸಿ, ಅದು ಏನೆಂದು ಹೇಳಿ. ತೆರೆಯಲೇಬೇಕಾಗಿ ಬಂದರೆ, ತೆರೆದ ದಿನವೇ ಯಾರನ್ನೂ ಇಳಿಸಬೇಡಿ.