ಭುಜದ ಅಳತೆ

ಕ್ಯಾಂಪಸ್ ಸಂದರ್ಶನದ ದಿನಾಂಕ ಗೊತ್ತಾಯಿತೆಂದರೆ ಎಂಬಿಎ ಓದುವ ಹುಡುಗನ ಮನೆಯಲ್ಲಿ ಸೂಟಿನ ಮಾತು ಶುರುವಾಗುತ್ತದೆ. ಅಂಗಡಿಯಲ್ಲಿ ತೂಗುಹಾಕಿದ್ದನ್ನು ಕೊಳ್ಳುವುದೋ, ಬಟ್ಟೆ ತೆಗೆದು ಅಳತೆ ಕೊಟ್ಟು ಹೊಲಿಸುವುದೋ? ಮನೆಯ ಹಿರಿಯರು ಸಾಮಾನ್ಯವಾಗಿ ಹೊಲಿಸುವುದರ ಕಡೆ, ಹುಡುಗ ಬ್ರ್ಯಾಂಡಿನ ಕಡೆ. ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಈ ಪ್ರಶ್ನೆಯನ್ನು ಹಣವೇ ಬಗೆಹರಿಸಿಬಿಡುತ್ತದೆ. ಅಲ್ಲಿ ಹೊಲಿಗೆಯ ಕೂಲಿ ದುಬಾರಿಯಾದ್ದರಿಂದ ಕೆಲಸ ಹುಡುಕುವ ಹೊಸಬರು ರೆಡಿಮೇಡಿಗೇ ಹೋಗುತ್ತಾರೆ. ನಮ್ಮಲ್ಲಿ ಆ ಲೆಕ್ಕ ನಡೆಯುವುದಿಲ್ಲ. ದಾವಣಗೆರೆಯಲ್ಲೋ ಹಾಸನದಲ್ಲೋ ಪರಿಚಯದ ದರ್ಜಿ ಹೊಲಿದುಕೊಡುವ ಸೂಟು ಬೆಂಗಳೂರಿನ ಮಾಲ್‌ನ ಸೂಟಿಗಿಂತ ಅಗ್ಗವಾಗುವುದೂ ಉಂಟು. ಹಣ ಹೆಚ್ಚುಕಡಿಮೆ ಒಂದೇ ಆದಾಗ ಅಳತೆಗೆ ಹೊಲಿಸಿದ್ದೇ ಮೇಲು ಎನ್ನುವುದು ಸಹಜ. ನಾನು ಇದನ್ನು ಒಪ್ಪುವುದಿಲ್ಲ. ಮೊದಲ ಸಂದರ್ಶನಕ್ಕೆ ಹೋಗುವ ಹೆಚ್ಚಿನವರು ಭುಜಕ್ಕೆ ಸರಿಯಾಗಿ ಕೂರುವ ರೆಡಿಮೇಡ್ ಸೂಟನ್ನೇ ಕೊಂಡು, ಉಳಿದದ್ದನ್ನು ಒಳ್ಳೆಯ ದರ್ಜಿಯ ಕೈಯಲ್ಲಿ ಆಲ್ಟರ್ ಮಾಡಿಸಿಕೊಳ್ಳುವುದು ಉತ್ತಮ ಎಂಬುದು ನನ್ನ ವಾದ.

ಬಟ್ಟೆಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೆ ಎನ್ನುವವರಿಗೆ ಮೊದಲು ಉತ್ತರ ಹೇಳಬೇಕು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನೀಲ್ ಹೌಲೆಟ್, ಕ್ಯಾರೆನ್ ಪೈನ್ ಮತ್ತು ಸಂಗಡಿಗರು ಒಬ್ಬನೇ ವ್ಯಕ್ತಿಯ ಚಿತ್ರಗಳನ್ನು ಜನರಿಗೆ ತೋರಿಸಿದರು. ಒಂದರಲ್ಲಿ ಅವನು ತನಗೆಂದೇ ಹೊಲಿಸಿದ ಸೂಟಿನಲ್ಲಿದ್ದ, ಇನ್ನೊಂದರಲ್ಲಿ ರೆಡಿಮೇಡ್ ಸೂಟಿನಲ್ಲಿದ್ದ. ಮುಖ ಕಾಣದಂತೆ ಮಸುಕು ಮಾಡಿದ್ದರು, ನೋಡಲು ಕೊಟ್ಟ ಸಮಯ ಹೆಚ್ಚೆಂದರೆ ಐದು ಸೆಕೆಂಡು. ಆತ್ಮವಿಶ್ವಾಸ, ಯಶಸ್ಸು, ಸಂಬಳ, ಹೊಂದಿಕೊಳ್ಳುವ ಗುಣ ಈ ನಾಲ್ಕರಲ್ಲೂ ಹೊಲಿಸಿದ ಸೂಟಿನವನಿಗೆ ಹೆಚ್ಚು ಅಂಕ ಬಿತ್ತು. ಪ್ರಿನ್ಸ್‌ಟನ್‌ನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಮತ್ತೂ ಖಾರವಾಗಿದೆ: ಉಟ್ಟ ಬಟ್ಟೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದು ಮೊದಲೇ ಹೇಳಿದರೂ ನೋಡುಗರು ಸಿರಿವಂತಿಕೆಯ ಬಟ್ಟೆಯವರನ್ನೇ ಹೆಚ್ಚು ಸಮರ್ಥರೆಂದು ಎಣಿಸಿದರು. ಇದು ನ್ಯಾಯವಲ್ಲ. ಆದರೆ ಬಡ ಮನೆಯಿಂದ ಬಂದ ಅಭ್ಯರ್ಥಿಗೆ ಇದು ಅನ್ಯಾಯ ಎಂದಷ್ಟೇ ಹೇಳಿ ಕಳಿಸಿದರೆ ಅವನಿಗೆ ಏನೂ ಸಿಗುವುದಿಲ್ಲ. ಇರುವ ದುಡ್ಡಿನಲ್ಲಿ ಆ ಅಂತರವನ್ನು ಹೇಗೆ ಕಿರಿದು ಮಾಡಬಹುದು ಎಂದು ಹೇಳುವುದು ಉಪಕಾರ.

ಮೊದಲ ಅಧ್ಯಯನವನ್ನು ಹೊಲಿಸುವವರ ಪರ ಸಾಕ್ಷಿ ಎಂದು ಓದಿಬಿಡಬಹುದು. ನಾನು ಬೇರೆ ರೀತಿ ಓದುತ್ತೇನೆ. ಐದು ಸೆಕೆಂಡಿನಲ್ಲಿ ನೋಡುಗನ ಕಣ್ಣಿಗೆ ಸೂಟಿನ ಹುಟ್ಟೂರು ಕಾಣುವುದಿಲ್ಲ, ಬಿಲ್ಲೂ ಕಾಣುವುದಿಲ್ಲ. ಕಾಣುವುದು ಮೈಗೂ ಬಟ್ಟೆಗೂ ಇರುವ ಹೊಂದಿಕೆ ಒಂದೇ. ಆ ಹೊಂದಿಕೆಯನ್ನು ಯಾವ ದಾರಿಯಿಂದ ಪಡೆದರೂ ಎದುರು ಕೂತವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದೇ ಅಧ್ಯಯನದಲ್ಲಿ ಇನ್ನೊಂದು ಅಂಶವೂ ಇದೆ, ಅದನ್ನು ಯಾರೂ ಅಷ್ಟಾಗಿ ಎತ್ತಿ ಹೇಳುವುದಿಲ್ಲ: ನಂಬಿಕಸ್ಥ ಎನ್ನಿಸುವ ಗುಣದಲ್ಲಿ ಮಾತ್ರ ಹೊಲಿಸಿದ ಸೂಟು ಏನೂ ಹೆಚ್ಚಿಸಲಿಲ್ಲ. ಮೊದಲ ಕೆಲಸಕ್ಕೆ ಬಂದ ಇಪ್ಪತ್ತೆರಡರ ಹುಡುಗನಲ್ಲಿ ಕಂಪನಿಯವರು ಮುಖ್ಯವಾಗಿ ಹುಡುಕುವುದು ಆ ಗುಣವನ್ನೇ.

ಹಾಗಾದರೆ ಹೊಂದಿಕೆ ಎಲ್ಲಿ ಕಾಣಬೇಕು? ಸಂದರ್ಶನ ನಡೆಯುವುದು ಕೂತುಕೊಂಡು. ಬಾಗಿಲಿನಿಂದ ಕುರ್ಚಿಯ ತನಕದ ಕೆಲವು ಹೆಜ್ಜೆ ಬಿಟ್ಟರೆ ಉಳಿದ ಹೊತ್ತೆಲ್ಲ ಎದುರಿನವರಿಗೆ ಕಾಣುವುದು ಮೇಜಿನಿಂದ ಮೇಲಿನ ಭಾಗ: ಕಾಲರು, ಭುಜ, ಎದೆ, ಮುಂಗೈ. ವಿಡಿಯೊ ಸಂದರ್ಶನದಲ್ಲಿ ಮುಂಗೈಯೂ ಹೋಗಿ ಭುಜ ಮತ್ತು ಕಾಲರು ಮಾತ್ರ ಉಳಿಯುತ್ತವೆ. ಕೋಟಿನಲ್ಲಿ ಮುಟ್ಟಲು ಕಷ್ಟವಾದ ಭಾಗವೂ ಅದೇ ಭುಜ. ಅಲ್ಲಿ ಪ್ಯಾಡು, ಒಳಗಿನ ಕ್ಯಾನ್ವಾಸು, ತೋಳಿನ ತಲೆ, ಅಸ್ತರು ಎಲ್ಲ ಒಂದೆಡೆ ಸೇರುತ್ತವೆ. ಅರ್ಧ ಇಂಚು ತಗ್ಗಿಸಬೇಕಾದರೂ ತೋಳನ್ನೇ ಬಿಚ್ಚಿ ಮತ್ತೆ ಕೂರಿಸಬೇಕು. ಕೋಟಿನ ಉದ್ದವನ್ನೂ ಕತ್ತರಿಸುವಂತಿಲ್ಲ, ಜೇಬುಗಳು ಅಂಚಿಗೆ ಬಂದು ನಿಲ್ಲುತ್ತವೆ. ಸೊಂಟದ ಸಡಿಲ, ತೋಳಿನ ಉದ್ದ, ಪ್ಯಾಂಟಿನ ಸೊಂಟ, ಕಾಲಿನ ಉದ್ದ ಇವೆಲ್ಲ ಮಾತ್ರ ದರ್ಜಿಗೆ ಒಂದು ಮಧ್ಯಾಹ್ನದ ಕೆಲಸ. ನಮ್ಮ ಮಾರುಕಟ್ಟೆಯ ಬಹಳಷ್ಟು ರೆಡಿಮೇಡ್ ಕೋಟುಗಳ ತೋಳಿನ ತುದಿಯಲ್ಲಿ ಕಾಜ ಬಿಡಿಸದೆ ಬರೀ ಗುಂಡಿ ಹೊಲಿದಿರುತ್ತಾರೆ. ಆದ್ದರಿಂದ ಕೆಳಗಿನಿಂದಲೇ ಮೊಟಕು ಮಾಡಬಹುದು. ಅಂಗಡಿಯಲ್ಲಿ ಕೋಟು ತೊಟ್ಟು ಗೋಡೆಯ ಪಕ್ಕ ನಿಂತು ಮೆಲ್ಲಗೆ ವಾಲಿ ನೋಡಿ. ತೋಳಿಗಿಂತ ಮೊದಲು ಪ್ಯಾಡು ಗೋಡೆಗೆ ತಾಗಿ ಮಡಿಸಿಕೊಂಡರೆ ಭುಜ ದೊಡ್ಡದು. ತೋಳಿನ ಮಾಂಸ ಪ್ಯಾಡಿನಿಂದ ಹೊರಗೆ ಉಬ್ಬಿದರೆ ಚಿಕ್ಕದು. ಆಮೇಲೆ ಕುರ್ಚಿಯಲ್ಲಿ ಕೂತು, ಗುಂಡಿ ಬಿಚ್ಚಿ, ಮೇಜಿನ ಮೇಲೆ ಕೈಯಿಟ್ಟು ನೋಡಿ. ಕತ್ತಿನ ಹಿಂದೆ ಕೋಟಿನ ಕಾಲರು ಶರ್ಟಿನಿಂದ ದೂರ ಸರಿದರೆ ಆ ಕೋಟನ್ನು ಅಲ್ಲೇ ಬಿಟ್ಟು ಇನ್ನೊಂದು ಕೇಳಿ. ಅದು ಎಷ್ಟೇ ಚೆಂದದ ಬಟ್ಟೆಯಾಗಿರಲಿ, ಸಂದರ್ಶನದುದ್ದಕ್ಕೂ ನಿಮ್ಮ ಕೈ ಹಿಂದಕ್ಕೆ ಹೋಗುತ್ತಲೇ ಇರುತ್ತದೆ.

ರೆಡಿಮೇಡಿನ ದೊಡ್ಡ ಅನುಕೂಲ ಇಲ್ಲೇ ಇರುವುದು. ದುಡ್ಡು ಕೊಡುವ ಮೊದಲೇ ಭುಜ ಹೇಗೆ ಕೂರುತ್ತದೆ ಎಂದು ತಿಳಿಯುತ್ತದೆ, ಒಪ್ಪದಿದ್ದರೆ ಪಕ್ಕದ ಸೈಜು, ಪಕ್ಕದ ಅಂಗಡಿ ಇದೆ. ಹೊಲಿಸುವಾಗ ಮೊದಲು ಮೂರು ಮೀಟರಿಗೂ ಮಿಕ್ಕಿ ಬಟ್ಟೆ ಕತ್ತರಿಸಿಕೊಡಬೇಕು, ಭುಜದ ಸಮಾಚಾರ ಗೊತ್ತಾಗುವುದು ಟ್ರಯಲ್‌ನಲ್ಲಿ. ಅಳತೆಗೆ ಹೊಲಿಸಿದ್ದು ಎಂದ ಕೂಡಲೇ ಒಬ್ಬ ದರ್ಜಿ ಆದಿಯಿಂದ ಕೊನೆಯವರೆಗೆ ಕೂತು ಹೊಲಿದದ್ದು ಎಂದು ಭಾವಿಸುತ್ತೇವೆ, ಅದು ಹಾಗಿರಬೇಕೆಂದಿಲ್ಲ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮಾಂಟೇಗ್ಯು ಬರ್ಟನ್ ಎಂಬ ಸೂಟಿನ ಉದ್ಯಮಿ ಕಳೆದ ಶತಮಾನದ ಮೊದಲರ್ಧದಲ್ಲೇ ಊರೂರಿನ ಅಂಗಡಿಗಳಲ್ಲಿ ಅಳತೆ ತೆಗೆಸಿ, ಸಾವಿರಾರು ಜನ ದುಡಿಯುವ ದೊಡ್ಡ ಕಾರ್ಖಾನೆಯಲ್ಲಿ ಸೂಟು ಹೊಲಿಸುತ್ತಿದ್ದ. ಇವತ್ತಿನ ಬ್ರ್ಯಾಂಡುಗಳ ಮೇಡ್ ಟು ಮೆಷರ್ ಕೂಡ ಹೆಚ್ಚುಕಡಿಮೆ ಅದೇ: ಮೊದಲೇ ಇರುವ ಪ್ಯಾಟರ್ನ್ ತೆಗೆದುಕೊಂಡು ನಿಮ್ಮ ಅಳತೆಗೆ ಅಲ್ಲಲ್ಲಿ ತಿದ್ದುತ್ತಾರೆ. ಊರಿನ ಟೈಲರ್ ಅಂಗಡಿಯಲ್ಲೂ ಅನೇಕ ಕಡೆ ಅಳತೆ ಬರೆದುಕೊಂಡು ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸುವವರು ಮಾಸ್ಟರ್, ಹೊಲಿಯುವ ಕಾರೀಗರ ಬೇರೆ. ಮಾಸ್ಟರ್ ನುರಿತವರಾದರೆ ಕಚ್ಚಾ ಹೊಲಿಗೆಯಲ್ಲಿ ಎರಡು ಸಲ ತೊಡಿಸಿ ನೋಡಿ ಅದ್ಭುತವಾದ ಕೋಟು ಕೊಡುತ್ತಾರೆ. ಅಂಥವರು ಇದ್ದಾರೆ, ಅವರ ಬಗ್ಗೆ ನನಗೆ ಅಪಾರ ಗೌರವ. ಆದರೆ ಶರ್ಟು ಪ್ಯಾಂಟನ್ನು ಚೆನ್ನಾಗಿ ಹೊಲಿಯುವವರೆಲ್ಲ ಕೋಟು ಹೊಲಿಯಬಲ್ಲವರಲ್ಲ. ಮೊದಲ ಸೂಟು ಹೊಲಿಸುವ ಹುಡುಗನಿಗೆ ಆ ಭೇದ ಗೊತ್ತಾಗುವುದಿಲ್ಲ. ಮದುವೆ ಸೀಸನ್ ಬಂತೆಂದರೆ ಹೇಳಿದ ದಿನಕ್ಕೆ ಸೂಟು ಕೈಗೆ ಸಿಗುವ ಭರವಸೆಯೂ ಇಲ್ಲ. ಮದುಮಗನ ಕೋಟು ಮುಂದೆ ಹೋಗುತ್ತದೆ, ಸಂದರ್ಶನದ ಕೋಟು ಹಿಂದೆ ಬೀಳುತ್ತದೆ.

ಇದಕ್ಕೆ ಎದುರಾಗುವ ಗಟ್ಟಿ ಆಕ್ಷೇಪ ಒಂದಿದೆ: ರೆಡಿಮೇಡ್ ಸೈಜುಗಳು ನಮ್ಮ ಮೈಗಾಗಿ ಹುಟ್ಟಿದವೇ ಅಲ್ಲ. ಮಾತು ನಿಜ. ಅಮೆರಿಕದಲ್ಲಿ ಗಂಡಸರ ಸಿದ್ಧ ಉಡುಪಿನ ಸೈಜುಗಳು ಬೆಳೆದದ್ದೇ 1861ರಿಂದ 1865ರ ಅಂತರ್ಯುದ್ಧದಲ್ಲಿ ಸೈನಿಕರ ಸಮವಸ್ತ್ರಕ್ಕೆ ತೆಗೆದ ಅಳತೆಗಳಿಂದ. ನಮ್ಮ ಉದ್ಯಮ ಬಹುಕಾಲ ಪಶ್ಚಿಮದ ಪಟ್ಟಿಗಳನ್ನೇ ನೆಚ್ಚಿಕೊಂಡು ಬಂತು. ಆರು ನಗರಗಳಲ್ಲಿ 25,000ಕ್ಕೂ ಹೆಚ್ಚು ಜನರನ್ನು ತ್ರೀಡಿ ಸ್ಕ್ಯಾನರಿನಲ್ಲಿ ಅಳೆಯುವ ಇಂಡಿಯಾಸೈಜ್ ಸಮೀಕ್ಷೆಯನ್ನು ಜವಳಿ ಸಚಿವಾಲಯದ ನೆರವಿನಿಂದ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ (ನಿಫ್ಟ್) ಕೈಗೆತ್ತಿಕೊಂಡದ್ದು ಈ ಕೊರತೆಯಿಂದಲೇ. ಸೂಟಿನ ರೂಢಿಯ ಲೆಕ್ಕದಲ್ಲಿ ಎದೆಗೂ ಪ್ಯಾಂಟಿನ ಸೊಂಟಕ್ಕೂ ಆರು ಇಂಚಿನ ಅಂತರ. ಎದೆ 40 ಆದರೆ ಪ್ಯಾಂಟು 34. ನಮ್ಮಲ್ಲಿ 38ರ ಎದೆಗೆ 36ರ ಸೊಂಟ ಇರುವ ಹುಡುಗರು ಬೇಕಾದಷ್ಟು ಜನ. ಅವರು ಸೆಟ್ಟಾಗಿ ಮಾರುವ ಸೂಟು ಕೊಂಡರೆ ಪ್ಯಾಂಟು ಹತ್ತುವುದೇ ಇಲ್ಲ. ಆದರೆ ಈ ಆಕ್ಷೇಪ ಸೊಂಟದ ಬಗೆಗಿನದು, ಭುಜದ ಬಗೆಗಿನದಲ್ಲ. ಕೋಟನ್ನೂ ಪ್ಯಾಂಟನ್ನೂ ಬೇರೆಬೇರೆ ಸೈಜಿನಲ್ಲಿ ಕೊಡುವ ಅಂಗಡಿಗೆ ಹೋದರೆ ಅದು ಅಲ್ಲಿಗೇ ಮುಗಿಯುತ್ತದೆ. ಭುಜವೇ ಪಟ್ಟಿಗೆ ಸಿಗದವರ ಮಾತು ಬೇರೆ. ಒಂದು ಭುಜ ಇನ್ನೊಂದಕ್ಕಿಂತ ಇಳಿದವರು, ಬೆನ್ನು ಬಾಗಿದವರು, ತೀರ ಸಣಕಲು ಅಥವಾ ತೀರ ಸ್ಥೂಲ ಮೈಯವರು ಅಂಗಡಿ ಅಂಗಡಿ ಅಲೆದು ಸೋಲುವುದು ಬೇಡ. ಅವರು ಹೊಲಿಸಲೇಬೇಕು. ಎರಡು ತಿಂಗಳು ಮೊದಲೇ ಅಳತೆ ಕೊಡಬೇಕು, ಸಾದಾ ಕಡುನೀಲಿ ಇಲ್ಲವೇ ಬೂದು ಬಟ್ಟೆ ತೆಗೆಯಬೇಕು. ಸೂಪರ್ 150 ಎಂದು ಹೆಚ್ಚಿನ ಅಂಕಿ ಹೇಳಿ ಮಾರುವ ನಯವಾದ ಉಣ್ಣೆಯ ಆಸೆಗೆ ಬೀಳಬಾರದು. ಎಳೆ ತೆಳುವಾದಷ್ಟೂ ಬೇಗ ಮುದುರುತ್ತದೆ, ರಾತ್ರಿ ಬಸ್ಸಿನಲ್ಲಿ ಬಂದಿಳಿದು ಬೆಳಿಗ್ಗೆ ಸಂದರ್ಶನಕ್ಕೆ ಹೋಗುವವರಿಗೆ ಅದು ಹೇಳಿಸಿದ್ದಲ್ಲ.

ರೆಡಿಮೇಡ್ ಕೋಟಿನ ಒಳಗೆ ಕ್ಯಾನ್ವಾಸು ಹೊಲಿದಿರುವುದಿಲ್ಲ, ಅಂಟಿಸಿರುತ್ತಾರೆ, ಕೆಲವು ಸಲ ಒಗೆಸುವುದರಲ್ಲಿ ಗುಳ್ಳೆ ಏಳುತ್ತದೆ ಎನ್ನುವವರೂ ಇದ್ದಾರೆ. ಅಗ್ಗದ ಕೋಟುಗಳ ಮಟ್ಟಿಗೆ ಸರಿ. ಆದರೆ ಕಡಿಮೆ ದರಕ್ಕೆ ಹೊಲಿದುಕೊಡುವ ಅಂಗಡಿಗಳೂ ಪೇಸ್ಟಿಂಗ್ ಎನ್ನುವ ಅಂಟಿನ ಪದರವನ್ನೇ ಇಸ್ತ್ರಿಯಲ್ಲಿ ಅಂಟಿಸುತ್ತವೆ. ಇನ್ನು ಸಾಫ್ಟ್‌ವೇರ್ ಕಂಪನಿಗಳ ಹೆಚ್ಚಿನ ಸಂದರ್ಶನಗಳಿಗೆ ಇಸ್ತ್ರಿ ಮಾಡಿದ ಶರ್ಟು ಪ್ಯಾಂಟು ಸಾಕು. ಬ್ಯಾಂಕಿಂಗ್, ಕನ್ಸಲ್ಟಿಂಗ್, ಹೋಟೆಲ್, ವಿಮಾನಯಾನ ಇಂಥ ಕಡೆಗಳಲ್ಲಿ ಸೂಟನ್ನು ಇನ್ನೂ ನಿರೀಕ್ಷಿಸುತ್ತಾರೆ. ಹೆಣ್ಣುಮಕ್ಕಳಿಗೆ ಸೀರೆ, ಫಾರ್ಮಲ್ ಕುರ್ತಾ ಎರಡೂ ಒಪ್ಪುವ ಉಡುಪು. ಸೂಟೇ ಬೇಕೆಂದರೆ ನನ್ನ ಸಲಹೆ ತಿರುಗುಮುರುಗಾಗುತ್ತದೆ. ನಮ್ಮ ಅಂಗಡಿಗಳಲ್ಲಿ ಅವರಿಗಿರುವ ರೆಡಿಮೇಡ್ ಬ್ಲೇಜರ್‌ಗಳ ಆಯ್ಕೆ ತೀರ ಕಡಿಮೆ, ಭುಜಕ್ಕೆ ಸರಿಹೋದದ್ದು ಎದೆಗೆ ಬಿಗಿಯಾಗುತ್ತದೆ. ಅವರ ಕೋಟು ಹೊಲಿದು ಪಳಗಿದ ದರ್ಜಿ ಸಿಕ್ಕರೆ ಬಿಡಬಾರದು.

ಈ ವಿಷಯದಲ್ಲಿ ಕಾಲೇಜುಗಳು ಮಾಡಬಹುದಾದದ್ದು ಬಹಳ ಇದೆ. ಎಷ್ಟೋ ಎಂಬಿಎ ಕಾಲೇಜುಗಳು ಇಡೀ ಬ್ಯಾಚಿಗೆ ಒಂದೇ ಬಣ್ಣದ ಬ್ಲೇಜರ್ ಹೊಲಿಸಲು ಗುತ್ತಿಗೆ ಕೊಡುತ್ತವೆ. ಒಂದೇ ದಿನ ಸಾಲಿನಲ್ಲಿ ನಿಲ್ಲಿಸಿ ಎಲ್ಲರ ಅಳತೆ ಬರೆದುಕೊಂಡು ಹೋಗುತ್ತಾರೆ, ಟ್ರಯಲ್ ಎನ್ನುವುದೇ ಇಲ್ಲ, ದುಡ್ಡು ಶುಲ್ಕದಲ್ಲಿ ಸೇರಿಹೋಗಿರುತ್ತದೆ. ಅಳತೆಗೆ ಹೊಲಿಸಿದ ಹೆಸರಿನಲ್ಲಿ ಯಾರ ಅಳತೆಗೂ ಕೂರದ ಕೋಟು ಬರುವುದು ಹೀಗೆ. ಅದೇ ಗುತ್ತಿಗೆದಾರನಿಂದ 36ರಿಂದ 46ರವರೆಗೆ ಪ್ರತಿ ಸೈಜಿನ ಎರಡೆರಡು ಸಿದ್ಧ ಕೋಟು ತರಿಸಿ, ಒಂದು ಕೋಣೆಯಲ್ಲಿ ಕನ್ನಡಿ ಮತ್ತು ಕುರ್ಚಿ ಇಡಿಸಿ, ಪ್ರತಿಯೊಬ್ಬರೂ ತೊಟ್ಟು ಕೂತು ಭುಜ ಆರಿಸಿಕೊಳ್ಳುವಂತೆ ಮಾಡಿದರೆ ಖರ್ಚು ಹೆಚ್ಚಾಗಬೇಕಾಗಿಲ್ಲ. ಆರಿಸಿದ ಸೈಜಿನ ಕೋಟುಗಳು ಬಂದ ವಾರ ಊರಿನ ಇಬ್ಬರು ದರ್ಜಿಗಳನ್ನು ಹೊಲಿಗೆ ಯಂತ್ರ ಸಮೇತ ಕಾಲೇಜಿಗೆ ಕರೆಸಿ, ಸೊಂಟ ಮತ್ತು ತೋಳು ಸರಿಮಾಡಿಸಿ, ಅವರ ಕೂಲಿಯನ್ನು ಕಾಲೇಜೇ ಕೊಡಲಿ. ಪ್ಯಾಂಟಿನ ಉದ್ದಕ್ಕೆ ಗುರುತು ಹಾಕುವಾಗ ಹುಡುಗರು ಚಪ್ಪಲಿಯಲ್ಲಿ ಬರದೆ ಸಂದರ್ಶನಕ್ಕೆ ಹಾಕುವ ಶೂನಲ್ಲೇ ಬರುವಂತೆ ನೋಟಿಸಿನಲ್ಲಿ ಒಂದು ಸಾಲು ಸೇರಿಸಬೇಕು.