ಘಟ್ಟದ ಲೆಕ್ಕ

ಉಪಾಧ್ಯಾಯರ ಮನೆಗೆ ಕಾರು ಬರುವುದಾದರೆ ಅದು ಮೊದಲು ಕಾಗದದ ಮೇಲೆ ಬರುತ್ತದೆ. ನಮ್ಮ ಮನೆಗೂ ಹಾಗೆಯೇ ಬಂದಿತು. ನಾವಿಬ್ಬರೂ ತಾಳವಾಡಿ ಸೀಮೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳುವವರು. ಒಬ್ಬರದು ಗಣಿತ, ಒಬ್ಬರದು ವಿಜ್ಞಾನ. ನಮ್ಮ ಹಳೆಯ ಪೆಟ್ರೋಲ್ ಕಾರು ಹದಿನಾಲ್ಕು ವರ್ಷ ದುಡಿದು, ಘಟ್ಟ ಹತ್ತುವಾಗ ಕುದಿಯಲು ತೊಡಗಿತ್ತು. ಇನ್ನು ಕೊಳ್ಳುವುದಾದರೆ ವಿದ್ಯುತ್ತಿನದನ್ನೇ ಕೊಳ್ಳೋಣವೆಂದು 2025ರ ಬೇಸಗೆ ರಜೆಯನ್ನೆಲ್ಲ ಒಂದು ಹಳೆಯ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಗುಣದೋಷಗಳನ್ನು ಬರೆಯುತ್ತ, ಅಳಿಸುತ್ತ ಕಳೆದೆವು. ಆ ವರ್ಷದ ಡಿಸೆಂಬರ್ 31ರವರೆಗೆ ತಮಿಳುನಾಡಿನಲ್ಲಿ ಇಂಥ ವಾಹನಗಳಿಗೆ ರಸ್ತೆ ತೆರಿಗೆ ಇರಲಿಲ್ಲವೆಂಬುದೂ ನಮ್ಮ ಉತ್ಸಾಹಕ್ಕೆ ಒಂದು ಕಾರಣವೆಂದು ಒಪ್ಪಿಕೊಳ್ಳುತ್ತೇವೆ.

ನಮಗೆ ಬೇಕಾದುದು ಬಹಳವೇನಲ್ಲ. ಶಾಲೆಗೆ ಹೋಗಿ ಬರಲು ದಿನಕ್ಕೆ 24 ಕಿಲೋಮೀಟರು. ಆದರೆ ತಿಂಗಳಿಗೊಮ್ಮೆ ಅವ್ವನನ್ನು ಕೊಯಮತ್ತೂರಿನ ಹೃದಯದ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಹೋಗಿ ಬರುವುದೆಂದರೆ ಸುಮಾರು 240 ಕಿಲೋಮೀಟರು. ನಡುವೆ ಇರುವುದು ದಿಂಬಂ ಘಟ್ಟ, ಅದರ ಇಪ್ಪತ್ತೇಳು ತಿರುವುಗಳು. ನಮ್ಮ ಸಂತೆ, ನೆಂಟಸ್ತಿಕೆ, ಮಾತು ಎಲ್ಲ ಚಾಮರಾಜನಗರದ ಕಡೆಗೆ. ಕಚೇರಿ, ಕಾಗದಪತ್ರ, ಸಂಬಳ ಎಲ್ಲ ಘಟ್ಟದ ಕೆಳಗೆ. ದಾರಿ ಸತ್ಯಮಂಗಲದ ಹುಲಿಕಾಡಿನ ಮಧ್ಯೆ ಹಾದುಹೋಗುತ್ತದೆ. ಮದರಾಸು ಉಚ್ಚ ನ್ಯಾಯಾಲಯದ ಆಜ್ಞೆಯಂತೆ 2022ರ ಫೆಬ್ರವರಿಯಲ್ಲಿ ಇಲ್ಲಿ ರಾತ್ರಿ ಸಂಚಾರಕ್ಕೆ ತಡೆ ಬಿದ್ದಿತು. ಆಮೇಲೆ ಸ್ಥಳೀಯರಿಗೆ ಕೆಲವು ವಿನಾಯಿತಿಗಳು ದೊರೆತವು. ಆದರೆ ಆನೆಗಳು ವಿನಾಯಿತಿಯ ಕಾಗದವನ್ನು ಓದುವುದಿಲ್ಲವಾದ್ದರಿಂದ ಕತ್ತಲಾಗುವ ಮುನ್ನ ಘಟ್ಟ ಹತ್ತಿಬಿಡುವುದೇ ನಮ್ಮೂರಿನವರ ರೂಢಿ.

ವಿದ್ಯುತ್ ಕಾರನ್ನು ನಾವು ಕಂಡುದು ಈಗಲ್ಲ. 2001ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ 'ರೇವಾ' ಎಂಬ ಪುಟ್ಟ ಕಾರನ್ನು ಅಲ್ಲಿಯ ಬೀದಿಯಲ್ಲಿ ನೋಡಿ, ಆಟದ ಸಾಮಾನೆಂದು ನಕ್ಕವರಲ್ಲಿ ನಾವೂ ಸೇರಿದ್ದೆವು. ಅದರಲ್ಲಿ ಇದ್ದುದು ಸೀಸ ಮತ್ತು ಆಮ್ಲದ ಬ್ಯಾಟರಿ. ಒಮ್ಮೆ ತುಂಬಿದರೆ 80 ಕಿಲೋಮೀಟರು. ಅದೇ ಕಾರು 'ಜಿ-ವಿಜ್' ಎಂಬ ಹೆಸರಿನಲ್ಲಿ ಲಂಡನ್ನಿನ ಬೀದಿಗಳಲ್ಲಿ ಓಡಿತು. 2010ರಲ್ಲಿ ಆ ಕಂಪನಿ ಮಹೀಂದ್ರದವರ ಕೈಸೇರಿತು. ಈಗಿನ ಕಾರುಗಳಲ್ಲಿ ಇರುವುದು ಲಿಥಿಯಮ್ ಬ್ಯಾಟರಿ. ಅಷ್ಟೇ ತೂಕದ ಸೀಸದ ಬ್ಯಾಟರಿಗಿಂತ ಹಲವು ಪಟ್ಟು ಶಕ್ತಿಯನ್ನು ಅದು ಹಿಡಿದಿಡಬಲ್ಲದು. ಅದರಲ್ಲಿಯೂ ಕಬ್ಬಿಣ ಮತ್ತು ಫಾಸ್ಫೇಟು ಸೇರಿದ ಬಗೆ, ನಿಕ್ಕಲ್ ಸೇರಿದ ಬಗೆಗಿಂತ ತುಸು ಭಾರವಾದರೂ, ಬಿಸಿಯನ್ನು ಹೆಚ್ಚು ತಾಳುತ್ತದೆ, ಹೆಚ್ಚು ವರ್ಷ ಬಾಳುತ್ತದೆ. ಅಂದು ನಕ್ಕ ಬಾಯಿ ಇಂದು ಬೆಲೆ ವಿಚಾರಿಸಿತು.

ಮೊದಲು ಕಣ್ಣಿಗೆ ಬಿದ್ದುದು ಎಂ.ಜಿ. ಕಂಪನಿಯವರು 2023ರಲ್ಲಿ ತಂದ 'ಕಾಮೆಟ್'. ಮೂರು ಮೀಟರಿಗೂ ಕಡಿಮೆ ಉದ್ದ, 17.3 ಯೂನಿಟ್ಟಿನ ಬ್ಯಾಟರಿ. ಶಾಲೆಗಂತೂ ಹೇಳಿ ಮಾಡಿಸಿದಂತಿತ್ತು. ಆದರೆ ಬಾಗಿಲು ಎರಡೇ. ಅವ್ವ ಹಿಂದಿನ ಆಸನಕ್ಕೆ ನುಸುಳುವುದು ಆಗದ ಮಾತು. ಡಿ.ಸಿ. ಚಾರ್ಜರಿನಿಂದ ಬೇಗ ತುಂಬಿಸುವ ಸೌಕರ್ಯವೂ ಇಲ್ಲ. ಅದನ್ನು ಅಂದೇ ಅಳಿಸಿದೆವು.

ಅವ್ವನಿಗೆ ಮೆಚ್ಚಿಕೆಯಾದುದು ಅದೇ ಕಂಪನಿಯ 'ವಿಂಡ್ಸರ್'. ಅದರ ಹಿಂದಿನ ಆಸನ 135 ಡಿಗ್ರಿಯವರೆಗೆ ಒರಗುತ್ತದೆ. ಅವರು ಒರಗಿದವರು ಏಳಲೇ ಒಪ್ಪಲಿಲ್ಲ. 2024ರಲ್ಲಿ ಅದು ಬಂದಾಗ ಒಂದು ಹೊಸ ಕ್ರಮವೂ ಬಂದಿತು: ಕಾರನ್ನು 9.99 ಲಕ್ಷಕ್ಕೆ ಕೊಂಡು, ಬ್ಯಾಟರಿಗೆ ಕಿಲೋಮೀಟರಿಗೆ 3.5 ರೂಪಾಯಿಯಂತೆ ಬಾಡಿಗೆ ಕೊಡುವುದು. ಲೆಕ್ಕ ಹಾಕಿದೆವು. ಆ ದರದಲ್ಲಿ ಒಂದು ಸಲದ ಕೊಯಮತ್ತೂರಿಗೆ 840 ರೂಪಾಯಿ ಬಾಡಿಗೆ, ಅದರ ಮೇಲೆ ಕರೆಂಟಿನ ಹಣ. ಪೆಟ್ರೋಲಿಗೂ ಇದಕ್ಕೂ ಇರುವ ಅಂತರ ಬಹಳ ತೆಳುವಾಯಿತು. ಅಲ್ಲದೆ, ಇಪ್ಪತ್ತು ವರ್ಷ ಬಾಡಿಗೆ ಮನೆಯಲ್ಲಿದ್ದು ಬಂದವರಿಗೆ ಬಾಡಿಗೆಯೆಂಬ ಶಬ್ದವೇ ಕಿವಿಗೆ ಕಹಿ.

ಉಳಿದುದು ಟಾಟಾದವರ ಎರಡು. 'ಟಿಯಾಗೊ'ಗೆ 24 ಯೂನಿಟ್ಟಿನ ಬ್ಯಾಟರಿ. ಕಾಗದದಲ್ಲಿ 315 ಕಿಲೋಮೀಟರು, ದಾರಿಯಲ್ಲಿ 200ರ ಆಸುಪಾಸು. 'ನೆಕ್ಸಾನ್'ನ ದೊಡ್ಡ ಬಗೆಗೆ 45 ಯೂನಿಟ್. ಕಾಗದದಲ್ಲಿ 489, ಆದರೆ ನಿಜವಾದ ದಾರಿಯಲ್ಲಿ 350ರ ಆಸುಪಾಸು ಎಂದು ಮಾರುವವರೇ ಒಪ್ಪುತ್ತಾರೆ. ಪರೀಕ್ಷೆಯ ಅಂಕಕ್ಕೂ ಹುಡುಗನ ಬುದ್ಧಿಗೂ ಇರುವ ದೂರವನ್ನು ಬಲ್ಲ ನಮಗೆ ಇದು ಆಶ್ಚರ್ಯವೆನಿಸಲಿಲ್ಲ.

ಘಟ್ಟದ ಲೆಕ್ಕವನ್ನು ಮಾತ್ರ ಮಕ್ಕಳಿಂದಲೇ ಮಾಡಿಸಿದೆವು. ಜನರು ಕುಳಿತ ಕಾರಿನ ತೂಕ 1500 ಕಿಲೋಗ್ರಾಮು, ಬಣ್ಣಾರಿಯಿಂದ ದಿಂಬಕ್ಕೆ ಏರುವ ಎತ್ತರ 750 ಮೀಟರು ಎಂದಿಟ್ಟುಕೊಳ್ಳಿ. ತೂಕವನ್ನು 9.8ರಿಂದಲೂ ಎತ್ತರದಿಂದಲೂ ಗುಣಿಸಿದರೆ ಒಂದು ಕೋಟಿ ಹತ್ತು ಲಕ್ಷ ಜೂಲು; ಒಂದು ಯೂನಿಟ್ಟಿಗೆ 36 ಲಕ್ಷ ಜೂಲು; ಅಂದರೆ ಮೂರು ಯೂನಿಟ್ಟಿಗೆ ಸ್ವಲ್ಪ ಹೆಚ್ಚು. ಚಪ್ಪಟೆ ನೆಲದಲ್ಲಿ ಓಡಲು ಬೇಕಾದುದರ ಮೇಲೆ ಇದು ಬರೀ ಏರಿಗೆ ಕೊಡಬೇಕಾದ ಸುಂಕ. ಇಳಿಯುವಾಗ ಇದರಲ್ಲಿ ಒಂದು ಪಾಲು ಮರಳಿ ಬರುತ್ತದೆ: ಕಾರನ್ನು ತಡೆಯುವಾಗ ಅದರ ಮೋಟಾರೇ ಡೈನಮೊ ಆಗಿ ಬ್ಯಾಟರಿಯನ್ನು ತುಂಬುತ್ತದೆ. ಪೆಟ್ರೋಲ್ ಕಾರಿನಲ್ಲಿ ಇದೆಲ್ಲ ಬ್ರೇಕಿನ ವಾಸನೆಯಾಗಿ ಹೋಗುತ್ತಿತ್ತು. ಏಳನೆಯ ತರಗತಿಯ ಒಬ್ಬ ಹುಡುಗನು, "ಹಾಗಾದರೆ ಬರೀ ಇಳಿಯುತ್ತಲೇ ಇದ್ದರೆ?" ಎಂದು ಕೇಳಿದನು. ಅವನಿಗೆ ತಕ್ಕ ಉತ್ತರವನ್ನು ಕೊಟ್ಟೆವೆಂದು ನಮಗೆ ಅನಿಸಲಿಲ್ಲ.

ಲೆಕ್ಕವೆಲ್ಲ ಟಿಯಾಗೊ ಸಾಕೆಂದಿತು. ಆಸ್ಪತ್ರೆಯಲ್ಲಿ ಹೇಗೂ ಮೂರು ಗಂಟೆ ಕಾಯುತ್ತೇವೆ. ಆ ಹೊತ್ತಿನಲ್ಲಿ ಕಾರೂ ತುಂಬಿಕೊಳ್ಳಲಿ. ಚಾಮರಾಜನಗರದ ಸ್ನೇಹಿತರೊಬ್ಬರು ತಮ್ಮದನ್ನೇ ಒಂದು ದಿನಕ್ಕೆ ಕೊಟ್ಟರು. ಸೆಪ್ಟೆಂಬರಿನ ಒಂದು ಬೆಳಗ್ಗೆ ಆರಕ್ಕೆ ಹೊರಟೆವು.

ಆಸ್ಪತ್ರೆಯ ಸಮೀಪದ ಚಾರ್ಜಿಂಗ್ ಕೇಂದ್ರದ ಪರದೆ ಕಪ್ಪಾಗಿತ್ತು. ನಮ್ಮ ಮೊಬೈಲು ಮಾತ್ರ ಅದು ಬಿಡುವಾಗಿದೆಯೆಂದೇ ಹೇಳುತ್ತಿತ್ತು, ಬಿಡುವಾಗಿದ್ದುದು ನಿಜವೇ. ಎರಡನೆಯ ಕೇಂದ್ರದಲ್ಲಿ ನಮಗಿಂತ ಮುಂದೆ ಎರಡು ಕಾರುಗಳು. ಒಬ್ಬರು ಅವ್ವನೊಡನೆ, ಒಬ್ಬರು ಕಾರಿನೊಡನೆ ಹಂಚಿಹೋದೆವು. ಅವ್ವನ ತಪಾಸಣೆ ಒಂದು ಗಂಟೆಗೆ ಮುಗಿಯಿತು, ಕಾರಿನದು ನಾಲ್ಕಕ್ಕೆ. ನೂರಕ್ಕೆ 80 ತುಂಬಿದ ಮೇಲೆ ವೇಗ ಇಳಿಯುತ್ತದೆ, ಹಿಂದೆ ಬೇರೆಯವರು ಕಾದಿರುತ್ತಾರೆ. ಅಷ್ಟಕ್ಕೇ ಬಿಡಿಸಿಕೊಂಡು ಹೊರಟೆವು.

ಬಣ್ಣಾರಿಗೆ ಬಂದಾಗ ಆರೂವರೆ, ಪರದೆಯಲ್ಲಿ 42. ಹತ್ತನೆಯ ತಿರುವಿನಲ್ಲಿ ಒಂದು ಲಾರಿ ತಿರುಗಲಾರದೆ ಅಡ್ಡ ನಿಂತಿತ್ತು. ಅದರ ಹಿಂದೆ ಒಂದೂವರೆ ಗಂಟೆ ಕತ್ತಲಲ್ಲಿ ಕುಳಿತೆವು. ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು: ಸುತ್ತಲಿನ ಬಸ್ಸುಗಳು ಗುರುಗುಡುತ್ತ ಹೊಗೆ ಉಗುಳುತ್ತಿದ್ದಾಗ ನಮ್ಮದು ಸದ್ದಿಲ್ಲದೆ, ಹೆಚ್ಚುಕಡಿಮೆ ಏನನ್ನೂ ಸುಡದೆ ನಿಂತಿತ್ತು. ಆದರೂ ನಮ್ಮ ಕಣ್ಣು ಆ 42ನ್ನು ಬಿಟ್ಟು ಕದಲಲಿಲ್ಲ. ಅವ್ವ ನೀರು ಕೇಳಿದರು, ಮಾತ್ರೆ ನುಂಗಿದರು, ಮತ್ತೇನನ್ನೂ ಹೇಳಲಿಲ್ಲ. ದಿಂಬದಲ್ಲಿ 21. ಮುಂದೆ ಮೂವತ್ತರ ಆಸುಪಾಸು ಕಿಲೋಮೀಟರು ಕಾಡುದಾರಿ. ಮನೆಯ ಬಾಗಿಲಿಗೆ ಬಂದಾಗ 6.

ಲೆಕ್ಕ ತಪ್ಪಿರಲಿಲ್ಲ. ಅದು ಹೇಳಿದಂತೆಯೇ ಕಾರು ಮನೆ ಸೇರಿತ್ತು. ಆದರೆ ಆ ಆರರಲ್ಲಿ ಅವ್ವನ ಎದೆನೋವಿಗೆ ಎಡೆ ಇರಲಿಲ್ಲ. ಆನೆಯೊಂದು ದಾರಿಗಡ್ಡ ನಿಂತು ನಾವು ಹಿಂದಿರುಗಬೇಕಾಗಿ ಬಂದಿದ್ದರೆ ಅದಕ್ಕೂ ಇರಲಿಲ್ಲ. ಮೂವತ್ತು ದಿನಗಳಲ್ಲಿ ಇಪ್ಪತ್ತೊಂಬತ್ತಕ್ಕೆ ಒಪ್ಪುವ ಕಾರನ್ನು ನಾವು ಆರಿಸಿದ್ದೆವು. ಅದು ಒಪ್ಪದ ಒಂದು ದಿನವೇ ಅವ್ವನ ದಿನವಾಗಿತ್ತು.

ನವೆಂಬರಿನಲ್ಲಿ ನೆಕ್ಸಾನನ್ನು ಕೊಂಡೆವು. ಭವಿಷ್ಯನಿಧಿಯಿಂದ ಸಾಲ ತೆಗೆದೆವು. ಮಹಡಿಯ ಮೇಲೆ ಕಟ್ಟಿಸಬೇಕೆಂದಿದ್ದ ಕೋಣೆಯನ್ನು ಕೈಬಿಟ್ಟೆವು. ಮನೆಯ ಗೋಡೆಯ 15 ಆಂಪಿಯರಿನ ಪ್ಲಗ್ಗಿನಿಂದ ತುಂಬಲು ಎರಡು ರಾತ್ರಿ ಬೇಕು. ಆದರೆ ವಾರಕ್ಕೊಮ್ಮೆ ತುಂಬಿದರೆ ಸಾಕಾದ್ದರಿಂದ ನಮ್ಮೂರಿನ ಕರೆಂಟು ಹೋಗಿ ಬರುವ ಆಟ ಈಗ ನಮ್ಮನ್ನು ಕಾಡುವುದಿಲ್ಲ. ಪ್ಲಗ್ಗು ಹಾಕಲು ಬಂದವನು, ಮನೆಯ ಅರ್ಥಿಂಗ್ ತಂತಿ ಎಲ್ಲಿಯೂ ನೆಲವನ್ನು ಮುಟ್ಟಿಯೇ ಇಲ್ಲವೆಂದು ಕಂಡುಹಿಡಿದನು. ಇಷ್ಟು ವರ್ಷ ಆ ಮನೆಯಲ್ಲಿದ್ದು ವಿಜ್ಞಾನದ ಪಾಠ ಹೇಳಿದ್ದೆವು! ಗುಂಡಿ ತೋಡಿಸಿ, ಇದ್ದಿಲು ಉಪ್ಪು ಹಾಕಿಸಿದೆವು.

ದಿನಕ್ಕೆ 24 ಕಿಲೋಮೀಟರಿಗೆ ಇಷ್ಟು ದೊಡ್ಡ ಬ್ಯಾಟರಿಯನ್ನು ಹೊತ್ತು ತಿರುಗುವುದು ಅಪವ್ಯಯವೆಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಕಂತು ಕಟ್ಟುವ ದಿನ ಆ ಮಾತು ಇನ್ನೂ ಹೆಚ್ಚು ನಿಜವೆನಿಸುತ್ತದೆ.

ಹೊಸ ಕಾರಿನಲ್ಲಿ ಮೊದಲ ಸಲ ಘಟ್ಟ ಇಳಿಯುವಾಗ ಅವ್ವ ಮುಂದೆ ಕುಳಿತು ಪರದೆಯನ್ನೇ ನೋಡುತ್ತಿದ್ದರು. ದಿಂಬದಲ್ಲಿ 85 ಇದ್ದುದು ಕೆಳಗೆ ಬರುವಷ್ಟರಲ್ಲಿ 87 ಆಗಿತ್ತು.

"ಇಳೀವಾಗ ತುಂಬ್ಕತದಲ್ಲಪ್ಪ. ಹತ್ತುವಾಗ?"

"ಹದಿಮೂರು ಹೋಗ್ತದೆ ಅವ್ವ."

ಅವರು ಏನೋ ಎಣಿಸುವವರಂತೆ ಬೆರಳು ಮಡಿಸಿದರು. ಅಷ್ಟರಲ್ಲಿ ಬಣ್ಣಾರಿ ಅಮ್ಮನ ಗುಡಿ ಬಂದಿತು. ಎಣಿಕೆಯನ್ನು ಬಿಟ್ಟು ಕೈಮುಗಿದರು.