ಫೋಟೋದಲ್ಲಿ ಕಾಣದ ಕೈ

ಈ ಫೋಟೋ ಒಂದ್ಸಲ ಸರಿಯಾಗಿ ನೋಡಿ. ರೇಷ್ಮೆ ಲಂಗ, ಎರಡು ಜಡೆ, ಒಂದು ಹಲ್ಲು ಬಿದ್ದ ನಗು. ಕೈ ಎಲ್ಲಿ? ಎರಡೂ ಬೆನ್ನ ಹಿಂದೆ. ಕಳೆದ ವರ್ಷದ ಗೌರಿ ಹಬ್ಬದ್ದು ಇದು. ಆಗಿನ ಮೂರ್ನಾಲ್ಕು ತಿಂಗಳ ಫೋಟೋ ತೆಗೆದು ನೋಡಿದ್ರೆ ಎಲ್ಲದರಲ್ಲೂ ಹೀಗೇ. ಕೈ ಲಂಗದ ನೆರಿಗೆಯೊಳಗೆ, ಜೇಬಿನೊಳಗೆ, ತಮ್ಮನ ಬೆನ್ನ ಹಿಂದೆ. ನಾನು ಅದನ್ನ ಪೋಸು ಅಂದ್ಕೊಂಡಿದ್ದೆ.

ಮಗಳಿಗೆ ಈಗ 8 ವರ್ಷ. ಉಗುರು ಕಚ್ತಾಳೆ. ಕಚ್ಚೋಕೆ ಉಗುರು ಉಳಿದಿಲ್ಲ ಅಂದ್ರೆ ಪಕ್ಕದ ಚರ್ಮ.

ಇದನ್ನ ಇಲ್ಲಿ ಬರೀಲಾ ಅಂತ ಅವಳನ್ನೇ ಕೇಳಿದೆ. "ಬರಿ. ಆದ್ರೆ ಮೆಣಸಿನಕಾಯಿ ವಿಷಯಾನೂ ಬರೀಬೇಕು" ಅಂದಳು. ಸರಿ, ಅಲ್ಲಿಂದಲೇ ಶುರು ಮಾಡ್ತೀನಿ.

ಮೊದಲು ಬೇವಿನೆಣ್ಣೆ ಹಚ್ಚಿದೆ, ಫ್ರಾಕಿಗೆ ಒರೆಸಿಕೊಂಡಳು. ಹಾಗಲಕಾಯಿ ರಸ ಆಯ್ತು. ಮೆಡಿಕಲ್ ಶಾಪಿಂದ ಕಹಿ ನೈಲ್ ಪಾಲಿಶ್ ತಂದೆ, ಎರಡು ದಿನ ಕೆಲಸ ಮಾಡ್ತು, ಮೂರನೇ ದಿನದಿಂದ ಕಹಿ ಸಮೇತ ಕಚ್ಚಿದಳು. ಒಂದು ಸಂಜೆ ಸಿಟ್ಟು ನೆತ್ತಿಗೇರಿ ಹಸಿಮೆಣಸಿನಕಾಯಿ ಮುರಿದು ಬೆರಳ ತುದಿಗೆಲ್ಲ ಉಜ್ಜಿಬಿಟ್ಟೆ. ಚರ್ಮ ಕಿತ್ತ ಬೆರಳು ಅದು, ಹಸಿ ಗಾಯ. ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡಳು. ನಲ್ಲಿ ಕೆಳಗೆ ಮುಖ ಹಿಡಿದು ಅವಳು ಕಿರುಚಿದ್ದು ಇವತ್ತಿಗೂ ಕಿವೀಲಿದೆ. ಕೈ ಮುಗಿದು ಕೇಳ್ಕೋತೀನಿ, ಯಾರೇ ಹೇಳಿದ್ರೂ ಇದನ್ನ ಮಾತ್ರ ಮಾಡಬೇಡಿ.

ಇನ್ನು ಮಾತಿನ ಔಷಧ ಬೇರೆ. "ಬಾಯಿಂದ ಕೈ ತೆಗಿ" ಅಂತ ನಾನು, "ಉಗುರು ಕಚ್ಚಿದ್ರೆ ದರಿದ್ರ ಕಣೇ" ಅಂತ ನಮ್ಮ ಅತ್ತೆ, "ನೆಂಟರ ಮುಂದೆ ಬೇಡ" ಅಂತ ಇವರು. ಇಷ್ಟೆಲ್ಲ ಕೇಳಿ ಅವಳು ಕಲಿತಿದ್ದು ಒಂದೇ: ಬಚ್ಚಿಟ್ಕೊಂಡು ಕಚ್ಚೋದು. ಬಚ್ಚಲುಮನೇಲಿ, ಹೊದಿಕೆಯೊಳಗೆ.

ನವೆಂಬರಲ್ಲಿ ಮೂರು ದಿನ ಊಟಕ್ಕೆ ಸ್ಪೂನ್ ಕೇಳಿದಳು. ಸಾರನ್ನಕ್ಕೆ ಸ್ಪೂನ್ ಯಾಕೆ, ಇದ್ಯಾವ ಹೊಸ ಶೋಕಿ ಅಂತ ರೇಗಿದೆ. ನಾಲ್ಕನೇ ದಿನ ಮೈ ಬಿಸಿ. ಕೈ ಹಿಡಿದು ನೋಡಿದ್ರೆ ಬಲಗೈ ನಡುಬೆರಳು ಊದಿ ಹೊಳೀತಿದೆ, ಉಗುರ ಬುಡದಲ್ಲಿ ಕೀವು. ಉಗುರುಸುತ್ತು. ಅತ್ತೆ ನಿಂಬೆಹಣ್ಣು ಅರಿಶಿನ ತಂದ್ರು, ಬೆರಳಿಗೆ ತೊಡಿಸೋಣ ಅಂತ. ಅಷ್ಟು ಕೀವು ತುಂಬಿದ ಮೇಲೆ ನಿಂಬೆಹಣ್ಣನ್ನ ನಂಬಿ ಕೂರೋಕೆ ನನಗೆ ಧೈರ್ಯ ಬರಲಿಲ್ಲ, ಆಸ್ಪತ್ರೆಗೆ ಓಡಿದ್ವಿ. ಡಾಕ್ಟರು ಸಣ್ಣದಾಗಿ ಕೊಯ್ದು ಕೀವು ತೆಗೆದ್ರು, ಆಂಟಿಬಯಾಟಿಕ್ ಬರೆದುಕೊಟ್ರು. "ಮೊದಲೇ ಯಾಕೆ ಪುಟ್ಟಾ ಅಮ್ಮನಿಗೆ ಹೇಳಲಿಲ್ಲ?" ಅಂತ ಅವಳನ್ನ ಕೇಳಿದ್ರು. ಉತ್ತರ ಕೊಡಲಿಲ್ಲ. ತಿರುಗಿ ನನ್ನ ಮುಖ ನೋಡಿದಳು, ಅಷ್ಟೇ.

ಆ ರಾತ್ರಿ ಅವಳ ಪಕ್ಕ ಮಲಗಿ ಕೇಳಿದೆ, ಬೈಯೋಕಲ್ಲ, ನಿಜವಾಗಿ ತಿಳ್ಕೊಳ್ಳೋಕೆ. "ಕಚ್ಚುವಾಗ ನಂಗೆ ಗೊತ್ತೇ ಆಗಲ್ಲ ಅಮ್ಮ. ನೀನು ಬೈದ್ಮೇಲೆ ಗೊತ್ತಾಗುತ್ತೆ."

ಇದೇ ಮಾತು ಹಿಂದೆಯೂ ಹೇಳಿದ್ದಳು. ಆಗ ಸುಳ್ಳು ಅಂದ್ಕೊಂಡಿದ್ದೆ. ಅವತ್ತಿಂದ ಓದೋಕೆ ಶುರು ಮಾಡಿದೆ. ತುಂಬಾ ಮಕ್ಕಳು ಉಗುರು ಕಚ್ತಾರೆ, ಹೆಚ್ಚಿನವರು ದೊಡ್ಡವರಾಗ್ತಾ ಬಿಟ್ಟೂ ಬಿಡ್ತಾರೆ. ಆದ್ರೆ ಗಾಯ ಆಗುವಷ್ಟು, ನಿಲ್ಲಿಸಬೇಕು ಅಂದ್ರೂ ನಿಲ್ಲದಷ್ಟು ಆದಾಗ ಅದನ್ನ ಹಟ ಅನ್ನೋಕಾಗಲ್ಲ. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿ (2013) ಅದನ್ನ ಒಸಿಡಿಗೆ ಸಂಬಂಧಪಟ್ಟ ಗುಂಪಿನಲ್ಲಿ ಇಟ್ಟಿದೆ. ಒಸಿಡಿಯೇ ಅಲ್ಲ, ದಾಯಾದಿ ಅನ್ನಿ. 1973ರಲ್ಲೇ ಅಜ್ರಿನ್ ಮತ್ತು ನನ್ ಅನ್ನೋ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ಅಭ್ಯಾಸ ಬಿಡಿಸೋಕೆ ಒಂದು ದಾರಿ ತೋರಿಸಿದ್ರು. ಕೈ ಬಾಯಿಗೆ ಹೋಗ್ತಿರೋದು ಮಗುವಿಗೇ ಗೊತ್ತಾಗಬೇಕು, ಆ ಹೊತ್ತಿಗೆ ಕೈಗೆ ಬೇರೆ ಕೆಲಸ ಇರಬೇಕು. ತಿರುಳು ಇಷ್ಟೇ. ನಾನು ಮಾಡಿದ್ದೆಲ್ಲ ಅವಳಿಗೆ ಗೊತ್ತಿದೆ ಅನ್ನೋ ಲೆಕ್ಕದಲ್ಲಿ ಕೊಟ್ಟ ಶಿಕ್ಷೆ.

ಒಂದು ವಾರ "ಬೇಡ" ಅನ್ನಲೇ ಇಲ್ಲ. ಯಾವಾಗ ಕಚ್ತಾಳೆ ಅಂತ ಗೋಡೆ ಕ್ಯಾಲೆಂಡರಲ್ಲಿ ಇಬ್ಬರೂ ಸೇರಿ ಗುರುತು ಹಾಕಿದ್ವಿ. ಮಗ್ಗಿ ಒಪ್ಪಿಸುವಾಗ. ಟಿವಿ ಮುಂದೆ. ಭಾನುವಾರ ರಾತ್ರಿ, ಯಾಕಂದ್ರೆ ಸೋಮವಾರ ಶಾಲೇಲಿ ಉಕ್ತಲೇಖನ. ಇನ್ನೊಂದು ವಿಷಯ ಅವಳೇ ಕಂಡುಹಿಡಿದಿದ್ದು: ಹೆಬ್ಬೆರಳು ಮೊದಲು ಉಗುರಿನ ಅಂಚು ಸವರಿ ಎಲ್ಲಿ ಒರಟಿದೆ ಅಂತ ಹುಡುಕುತ್ತೆ, ಸಿಬಿರು ಸಿಕ್ಕಿದ ಮೇಲೆ ಹಲ್ಲು ಹೋಗುತ್ತೆ. ಅದಕ್ಕೆ ರಾತ್ರಿ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ತೀವಿ. ಒರಟಾದ ಅಂಚು ಉಜ್ಜೋಕೆ ಜಾಮಿಟ್ರಿ ಬಾಕ್ಸಲ್ಲಿ ಚಿಕ್ಕ ನೈಲ್ ಫೈಲ್ ಇದೆ. ಕೈ ಮೇಲೆ ಹೊರಟಾಗ ಹೆಬ್ಬೆರಳು ಒಳಗಿಟ್ಟು ಮುಷ್ಟಿ ಕಟ್ಟಿ ಅರವತ್ತು ಎಣಿಸ್ತಾಳೆ.

ಅವಳಿಗೆ ಗೊತ್ತಾಗದೇ ಕಚ್ತಿದ್ರೆ ನಾನು ಏನೂ ಹೇಳಬಾರದು, ಬಳೆ ಅಲ್ಲಾಡಿಸಬೇಕು. ಇದು ಅವಳದೇ ನಿಯಮ.

ಡಿಸೆಂಬರಲ್ಲಿ ಅವರೆಕಾಯಿ ಬಂತು. ಅತ್ತೆ ರಾತ್ರಿ ನೆನೆಸಿದ ಕಾಳನ್ನ ಬೆಳಗ್ಗೆ ಹಿತಕೋಕೆ ಕೂತ್ರೆ ಇವಳೂ ಪಕ್ಕಕ್ಕೆ ಹೋಗಿ ಕೂತಳು. ಹಿತಕಿದ ಬೇಳೆ ಮಾಡಿದವರಿಗೆ ಗೊತ್ತು, ಹೆಬ್ಬೆರಳು ತೋರುಬೆರಳ ಮಧ್ಯೆ ಒತ್ತಿದ್ರೆ ಕಾಳು ಪಚಕ್ ಅಂತ ಜಾರಿ ಹೊರಗೆ ಬರುತ್ತೆ, ಸಿಪ್ಪೆ ಕೈಲಿ ಉಳಿಯುತ್ತೆ. ಚರ್ಮ ಕೀಳೋ ಬೆರಳಿಗೆ ಇದಕ್ಕಿಂತ ಒಳ್ಳೆ ಕೆಲಸ ಯಾವ ಪುಸ್ತಕದಲ್ಲೂ ನನಗೆ ಸಿಕ್ಕಲಿಲ್ಲ. ಒಂದು ಬೋಗುಣಿ ಕಾಳು ಮುಗಿಸೋಷ್ಟರಲ್ಲಿ 7ರ ಮಗ್ಗಿ, 8ರ ಮಗ್ಗಿ ಎರಡೂ ಒಪ್ಪಿಸಿದಳು. ಕೈ ಒಂದ್ಸಲವೂ ಬಾಯಿಗೆ ಹೋಗಲಿಲ್ಲ. ಆ ಸೀಸನ್ನಲ್ಲಿ ನಮ್ಮನೇಲಿ ಎಷ್ಟು ಹಿತಕಿದ ಬೇಳೆ ಸಾರು ಆಯ್ತು ಅಂತ ಇವರನ್ನ ಕೇಳಿ. ಸೀಸನ್ ಮುಗಿದ ಮೇಲೆ ಹುರಿದ ಕಡಲೇಬೀಜದ ಸಿಪ್ಪೆ, ಅತ್ತೆ ಜೊತೆ ಹೂ ಕಟ್ಟೋದು.

ಒಂದು ದಿನ ನಾನು ಫೋನಲ್ಲಿ ಆಫೀಸಿನ ವಿಷಯ ಮಾತಾಡ್ತಾ ನಿಂತಿದ್ದೆ. ಹಿಂದಿನಿಂದ ಬಳೆ ಸದ್ದು. ತಿರುಗಿದ್ರೆ ಮಗಳು, ನನ್ನದೇ ಎರಡು ಬಳೆ ಹಿಡ್ಕೊಂಡು ಅಲ್ಲಾಡಿಸ್ತಿದ್ದಾಳೆ. ನನ್ನ ಕೈ ತುಟಿ ಮೇಲಿತ್ತು. ಒಣಗಿದ ತುಟಿ ಸಿಪ್ಪೆ ಕೀಳೋದು ನನಗೆ ಕಾಲೇಜಿನಿಂದ ಬಂದ ಅಭ್ಯಾಸ. ನಿಜ ಹೇಳ್ತೀನಿ, ನನಗೂ ಗೊತ್ತೇ ಆಗಿರಲಿಲ್ಲ.

ಎಲ್ಲ ಸರಿಹೋಯ್ತು ಅಂತ ಬರೀತಿಲ್ಲ. ಮಾರ್ಚಲ್ಲಿ ಪರೀಕ್ಷೆ ಬಂತು, ಹತ್ತು ಬೆರಳೂ ವಾಪಸ್ ಮೊದಲಿನ ಹಾಗೆ. ನಾನೂ ಒಂದಿನ ಬೈದೆ. ಸಂಜೆ ಕ್ಷಮೆ ಕೇಳಿ ಮತ್ತೆ ಕ್ಯಾಲೆಂಡರ್ ತೆಗೆದ್ವಿ. ಕೈಯುಗುರು ಬೆಳೆಯೋದು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಅಷ್ಟೇ.

ನಿಮ್ಮ ಮಗುವಿನ ಬೆರಳಲ್ಲಿ ಕೆಂಪು, ಊತ, ಕೀವು ಕಂಡ್ರೆ ಅವತ್ತೇ ಡಾಕ್ಟರಿಗೆ ತೋರಿಸಿ. ಪದೇ ಪದೇ ರಕ್ತ ಬರ್ತಿದ್ರೆ, ಶಾಲೆಗೆ ಹೋಗೋಕೆ ಹೆದರ್ತಿದ್ರೆ, ನಿದ್ದೆ ಕೆಟ್ಟಿದ್ರೆ ಮಕ್ಕಳ ಮನೋವೈದ್ಯರನ್ನ ಕೇಳೋಕೆ ಹಿಂಜರೀಬೇಡಿ. ಹತ್ತಿರದಲ್ಲಿ ಯಾರೂ ಇಲ್ಲ ಅಂದ್ರೆ ಸರ್ಕಾರದ ಟೆಲಿ ಮಾನಸ್ ಇದೆ, 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮೊನ್ನೆ ಶುಕ್ರವಾರ ಸಂಜೆ ಎಡಗೈ ಹೆಬ್ಬೆರಳು ಮುಂದೆ ಚಾಚ್ಕೊಂಡು ಬಂದಳು. ತುದೀಲಿ ಬೆಳ್ಳಗೆ ಒಂದು ಗೆರೆ. "ಅಮ್ಮಾ, ಉಗುರು ಜಾಸ್ತಿ ಆಗಿದೆ, ಕತ್ತರಿಸು!" ನಾನು ನೈಲ್ ಕಟರ್ ಹುಡುಕೋಕೆ ಎದ್ದೆ. ಅಡುಗೆಮನೆಯಿಂದ ಅತ್ತೆ ಕೂಗಿದ್ರು, "ಶುಕ್ರವಾರ, ಅದೂ ದೀಪ ಹಚ್ಚೋ ಹೊತ್ತಲ್ಲಿ ಯಾರಾದ್ರೂ ಉಗುರು ತೆಗೀತಾರೇನೇ? ಭಾನುವಾರ ತೆಗೆದ್ರಾಯ್ತು."

ಮಗಳು ಮುಖ ಸಪ್ಪೆ ಮಾಡ್ಕೊಂಡಳು. ಭಾನುವಾರದವರೆಗೂ ಕಾದಳು.